ಸೈಕಲ್ ಮೇಲೆ ಸನ್ಯಾಸ

ನನಗೆ ಸಿಟ್ಟು ಬಂದಾಗ ನನ್ನ ಹೆಂಡತಿ ಸಮಾಧಾನ ಮಾಡುವುದಿಲ್ಲ, ಎದುರುತ್ತರ ಕೊಡುವುದಿಲ್ಲ, ಅಳುವುದಂತೂ ಇಲ್ಲವೇ ಇಲ್ಲ. ಮಾಡುತ್ತಿದ್ದ ಕೆಲಸದಿಂದ ತಲೆ ಎತ್ತದೆ ಒಂದೇ ಮಾತು ಕೇಳುತ್ತಾಳೆ: “ಸೈಕಲ್ಲಿಗೆ ಗಾಳಿ ಹೊಡಸ್ಲೇನ್ರಿ?”

ಅಷ್ಟಕ್ಕೇ ನನ್ನ ಸಿಟ್ಟು ಟುಸ್ಸೆನ್ನುತ್ತದೆ. ಮನೆಗೆ ಬಂದ ನೆಂಟರು ಇದರ ಅರ್ಥವೇನೆಂದು ಕೇಳಿದರೆ ಅವಳು ನನ್ನ ಕಡೆ ನೋಡುತ್ತಾಳೆ, ನಾನು ಜಂತಿಯ ಕಡೆ ನೋಡುತ್ತೇನೆ. ನೆಂಟರಿಗೆ ಹೇಳುವ ಕಥೆಯಲ್ಲ ಅದು. ನೀವು ನೆಂಟರಲ್ಲ, ನಾಳೆ ಮದುವೆಯ ಪಂಕ್ತಿಯಲ್ಲಿ ನನ್ನ ಎದುರಿಗೆ ಕುಳಿತು ಕಿಸಿಕಿಸಿ ನಗುವವರೂ ಅಲ್ಲ. ಆದ್ದರಿಂದ ನಿಮಗೆ ಹೇಳಬಹುದು. ನಾನು ಒಂದು ಸಲ ಸನ್ಯಾಸಿಯಾಗಿದ್ದೆ. ಒಟ್ಟು ಮೂರು ದಿನ.

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದೆವು. ಮೂಡಲಗಿಯ ಹೊರಗೆ ಒಂದು ಸಣ್ಣ ಸಾಲೆಯಲ್ಲಿ ನಾನು ಮಾಸ್ತರ. ಸಾಲೆಗೆ ಎರಡೇ ಕೋಣೆ, ಎರಡೇ ಮಾಸ್ತರು: ಒಬ್ಬರು ಹೆಡ್‌ಮಾಸ್ತರು, ಇನ್ನೊಬ್ಬ ನಾನು. ಸಾಲೆಯ ಗೋಡೆಗೇ ಹತ್ತಿಕೊಂಡು ನಮ್ಮ ಬಾಡಿಗೆ ಮನೆ. ಮನೆಯ ಅಡುಗೆ ಕೋಣೆಯ ಕಿಟಕಿಯಲ್ಲಿ ನಿಂತರೆ ನನ್ನ ಕರಿಹಲಗೆ ಪೂರ್ತಿ ಕಾಣುತ್ತಿತ್ತು. ಮನೆ ಹಿಡಿಯುವಾಗ ಈ ಅನುಕೂಲವನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನನ್ನ ಹೆಂಡತಿ ಗಂಗಾ ಮುಲ್ಕಿ ಪರೀಕ್ಷೆ ಪಾಸಾದವಳು. ಆ ಕಾಲಕ್ಕೆ ನಮ್ಮ ಕಡೆ ಹೆಣ್ಣುಮಗಳು ಏಳನೆಯ ಇಯತ್ತೆ ಮುಟ್ಟುವುದೆಂದರೆ ದೊಡ್ಡ ಮಾತು. ನನ್ನ ಮಾವನಿಗೆ ಅದೊಂದು ಹೆಮ್ಮೆ, ನನಗೂ ಹೆಮ್ಮೆಯೇ. ಹೆಮ್ಮೆ ಎಂಬುದು ದೂರದಿಂದ ನೋಡುವವರೆಗೆ ಬಹಳ ಚಂದ.

ದೀಪಾವಳಿ ರಜೆ ಮುಗಿದ ವಾರ. ನಾಲ್ಕನೆಯ ಇಯತ್ತೆಗೆ ನಳದ ಲೆಕ್ಕ ಕಲಿಸುತ್ತಿದ್ದೆ. ಒಂದು ನಳ ತೊಟ್ಟಿಯನ್ನು ನಾಲ್ಕು ತಾಸಿನಲ್ಲಿ ತುಂಬಿಸುತ್ತದೆ, ಇನ್ನೊಂದು ಹನ್ನೆರಡು ತಾಸಿನಲ್ಲಿ. ಎರಡನ್ನೂ ಕೂಡಿ ಬಿಟ್ಟರೆ ಎಷ್ಟು ತಾಸು? ನಾನು ನಾಲ್ಕಕ್ಕೆ ಹನ್ನೆರಡು ಕೂಡಿಸಿ, ಅರ್ಧ ಮಾಡಿ, ಗಂಭೀರವಾಗಿ ‘ಎಂಟು ತಾಸು’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಅಷ್ಟರಲ್ಲಿ ಕಿಟಕಿಯಿಂದ ದನಿ ಬಂತು.

“ಏನ್ರಿ, ಒಂದ ನಳಾನ ನಾಕ ತಾಸಿನ್ಯಾಗ ತುಂಬಿಸತೈತಿ. ಎರಡೂ ಕೂಡಿದ್ರ ಎಂಟ ತಾಸ ಹೆಂಗ ಹಿಡೀತಾವ್ರಿ? ನಡುವ ಕುಂತ ಹರಟಿ ಹೊಡೀತಾವೇನು?”

ಅವಳ ಕೈಯಲ್ಲಿ ಹಿಟ್ಟಿನ ಪರಾತ ಇತ್ತು. ಮಕ್ಕಳು ನಕ್ಕರು. ಬಾಜೂ ಕೋಣೆಯ ಮಕ್ಕಳು ಕಾರಣ ಗೊತ್ತಿಲ್ಲದೆಯೂ ನಕ್ಕರು. ಕೊನೆಗೆ ಹೆಡ್‌ಮಾಸ್ತರರು ಕೆಮ್ಮಿದರು. ಅವರ ಕೆಮ್ಮು ನಮ್ಮೂರಿನಲ್ಲಿ ನಗುವಿನ ಅಣ್ಣ.

ಆ ರಾತ್ರಿ ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಬೆಳಿಗ್ಗೆ ಎದ್ದವನೇ ಘೋಷಿಸಿದೆ: “ನನಗ ಈ ಸಂಸಾರ ಸಾಕಾತು. ಸನ್ಯಾಸಿ ಆಗಾಕ ಹೊಂಟೇನಿ.”

ಗಂಗಾ ಒಲೆಗೆ ಊದುತ್ತ ಕೇಳಿದಳು, “ಉಂಡ ಹೋಗ್ತೀರೊ, ಬುತ್ತಿ ಕಟ್ಲೊ?”

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಚಿಕ್ಕಂದಿನಿಂದಲೂ ನನಗೆ ಸಿಟ್ಟು ಬಂದರೆ ಮನೆ ಬಿಟ್ಟು ಹೋಗುವ ರೂಢಿ. ಹಿತ್ತಲಿನ ಬಣವೆಯ ಹಿಂದೆ ಹೋಗಿ ಕೂಡುತ್ತಿದ್ದೆ. ನಮ್ಮವ್ವ ನನ್ನನ್ನು ಹುಡುಕುತ್ತಿರಲಿಲ್ಲ, ಹೆಸರು ಹಿಡಿದು ಕೂಗುತ್ತಲೂ ಇರಲಿಲ್ಲ. ಹಿತ್ತಲ ಬಾಗಿಲ ಹತ್ತಿರ ಒಲೆ ಹೂಡಿ ಶೇಂಗಾ ಹುರಿಯುತ್ತಿದ್ದಳು, ಅಷ್ಟೆ. ಗಾಳಿ ಬಣವೆಯ ಕಡೆ ಬೀಸಿದ ದಿನ ನನ್ನ ಸಿಟ್ಟು ಬೇಗ ಇಳಿಯುತ್ತಿತ್ತು, ಬೀಸದ ದಿನ ಸ್ವಲ್ಪ ತಡ. ಒಟ್ಟಿನಲ್ಲಿ ನನ್ನನ್ನು ಯಾರಾದರೂ ಉಪಾಯದಿಂದ ತಡೆಯುತ್ತಾರೆಂಬ ಭರವಸೆಯ ಮೇಲೆಯೇ ನಾನು ಆವರೆಗೆ ಮನೆ ಬಿಟ್ಟವನು. ತಡೆಯುವವರೇ ಇಲ್ಲವಾದಾಗ ಹೋಗುವುದೊಂದೇ ದಾರಿ ಉಳಿಯಿತು.

ಹುಕ್ಕೇರಿಯ ಆಚೆ ಗುಡ್ಡದ ಮೇಲೆ ಒಬ್ಬ ಅಜ್ಜ ಇದ್ದಾನೆ, ಇಪ್ಪತ್ತು ವರ್ಷದಿಂದ ಮೌನಿ, ದೊಡ್ಡ ಜ್ಞಾನಿ ಎಂದು ಯಾರೋ ಹೇಳಿದ್ದು ನೆನಪಿತ್ತು. ಅವನ ಶಿಷ್ಯನಾಗುವುದು ಎಂದು ನಿಶ್ಚಯಿಸಿದೆ. ಸೈಕಲ್ಲಿನ ಹಿಂದೆ ಗಂಟು ಕಟ್ಟಿದೆ: ಎರಡು ಧೋತರ, ಹಲ್ಲಪುಡಿ, ಕನ್ನಡಿ, ಗಾಳಿ ಹೊಡೆಯುವ ಪಂಪು, ಅಲಾರಾಂ ಗಡಿಯಾರ. ಸನ್ಯಾಸಿಗೆ ಅಲಾರಾಂ ಯಾಕೆ ಎಂದು ಕೇಳಬೇಡಿ. ಗಂಗಾ ಕೂಡ ಕೇಳಲಿಲ್ಲ. ಮರೆಯದೆ ಕೀಲಿ ಕೊಟ್ಟು ಕಳಿಸಿದಳು.

ಹುಕ್ಕೇರಿಗೆ ಹೋಗಲು ಗೋಕಾಕದ ಮೇಲೆ ಹೋಗಲೇಬೇಕೆಂದಿಲ್ಲ. ನೆಟ್ಟಗೆ ಘಟಪ್ರಭೆಯ ದಾರಿ ಹಿಡಿಯಬಹುದು. ಆದರೆ ಪ್ರಪಂಚವನ್ನು ಬಿಡುವ ಮುಂಚೆ ಒಮ್ಮೆ ಕರದಂಟು ತಿನ್ನಬೇಕಲ್ಲ? ತಿಂದು ಬಿಡುವುದಕ್ಕೂ ತಿನ್ನದೆ ಬಿಡುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ತ್ಯಾಗ, ಎರಡನೆಯದು ಬರೀ ಉಪವಾಸ. ಹೀಗೆ ತರ್ಕ ಮಾಡುತ್ತ ಗೋಕಾಕ ಮುಟ್ಟಿ, ಪ್ಯಾಟೆಯಲ್ಲಿ ನಿಂತು ತಿಂದೆ. ಅಂಟು ಹಲ್ಲಿಗೆ ಹಿಡಿದು ಒಂದು ಗಳಿಗೆ ಬಾಯಿ ತೆರೆಯಲಾಗಲಿಲ್ಲ. ಮೌನವ್ರತಕ್ಕೆ ಇದು ಒಳ್ಳೆಯ ಅಭ್ಯಾಸವೆಂದುಕೊಂಡು ಇನ್ನೊಂದು ತುಂಡು ದಾರಿಗೆ ಕಟ್ಟಿಸಿಕೊಂಡೆ.

ಊರ ಹೊರಗೆ ಆಲದ ಮರದ ಕೆಳಗೆ ಒಬ್ಬ ಕ್ಷೌರದವ ಕುಳಿತಿದ್ದ. ಸನ್ಯಾಸಿಯೆಂದ ಮೇಲೆ ತಲೆ ಬೋಳಿಸಬೇಕಲ್ಲ? ಅವನೆದುರು ಕುಕ್ಕರುಗಾಲಿನಲ್ಲಿ ಕುಳಿತು, “ಪೂರಾ ತಗದಬಿಡು,” ಎಂದೆ.

ಅವನು ಕತ್ತಿ ಮಸೆಯುವುದನ್ನು ನಿಲ್ಲಿಸಿ, ದನಿ ಇಳಿಸಿ ಕೇಳಿದ, “ಯಾರ ತೀರಕೊಂಡ್ರಿ?”

“ಯಾರೂ ಇಲ್ಲ.”

“ತಂದಿ ಅದಾರೇನ್ರಿ?”

“ಅದಾರ.”

“ತಾಯಿ?”

“ಅದಾಳ.”

“ಹೆಂಡ್ತಿ?”

“ಆಕೀನೂ ಅದಾಳ.”

“ಮತ್ತ ತಲಿ ಬೋಳಿಸಾಕ ನಿಮಗೇನ ಹಕ್ಕ ಐತ್ರಿ?” ಎಂದು ಗದರಿದ. “ಎಲ್ಲಾರೂ ಇರೋರ ತಲಿ ಬೋಳಿಸಿ ನಾ ಪಾಪ ಕಟ್ಟಿಕೊಳ್ಳಾ? ಸುಮ್ಮ ಕುಂಡ್ರರಿ.”

ನಾನು ವೈರಾಗ್ಯದ ಬಗ್ಗೆ ಏನೋ ಹೇಳಲು ಹೋದೆ. ಅವನು ನನ್ನ ಗದ್ದ ಹಿಡಿದು ತಲೆಯನ್ನು ಆಚೆ ತಿರುಗಿಸಿದ. ಕತ್ತಿ ಕೈಯಲ್ಲಿದ್ದವನೊಡನೆ ವೇದಾಂತ ಬೇಡವೆಂದು ಸುಮ್ಮನಾದೆ. ಅರ್ಧ ತಾಸಿನ ಮೇಲೆ ಎದ್ದಾಗ ನನ್ನ ತಲೆಯ ಮೇಲೆ ಹೊಸ ನಮೂನೆಯ ಕ್ರಾಪು ಇತ್ತು; ಅದರ ಮೇಲೆ ಘಮಘಮಿಸುವ ಎಣ್ಣೆ.

“ಈಗ ನೋಡ್ರಿ,” ಎಂದು ಕನ್ನಡಿ ಹಿಡಿದ. “ಮದುವಿ ಮದಿಮಗ ಇದ್ದಂಗ ಕಾಣ್ತೀರಿ.”

ಮದುಮಗನ ವೇಷದಲ್ಲಿ ಸನ್ಯಾಸಕ್ಕೆ ಹೊರಟವನು ಚರಿತ್ರೆಯಲ್ಲಿ ನಾನೊಬ್ಬನೇ ಇರಬೇಕು. ದಾರಿಯಲ್ಲಿ ಎದುರಾದ ಚಕ್ಕಡಿಯವರು ನಕ್ಕು ದಾರಿ ಬಿಟ್ಟರು.

ಧುಪದಾಳದ ಒಡ್ಡಿನ ಹತ್ತಿರ ಬಂದಾಗ ಹೊತ್ತು ನೆತ್ತಿಗೆ ಬಂದಿತ್ತು. ನೀರು ಒಡ್ಡು ದಾಟಿ ಬೀಳುವ ಸದ್ದು ದೂರದಿಂದಲೇ ಕೇಳುತ್ತಿತ್ತು. ಒಂದು ಜಾಲಿಯ ನೆರಳಿಗೆ ಸೈಕಲ್ ಆನಿಸಿ, ಮುಖ ತೊಳೆಯಲು ನೀರಿಗಿಳಿದೆ. ತಿರುಗಿ ಬರುವಷ್ಟರಲ್ಲಿ ಒಂದು ಆಡು ನನ್ನ ಗಂಟಿನೊಳಗೆ ಬಾಯಿ ಹಾಕಿತ್ತು. ಬುತ್ತಿಯನ್ನು ಅದು ಮುಟ್ಟಿರಲಿಲ್ಲ. ಅಪ್ಪನಿಗೆಂದು ನಾನು ಬರೆದಿಟ್ಟುಕೊಂಡಿದ್ದ ನಾಲ್ಕು ಪುಟದ ವಿದಾಯದ ಪತ್ರವನ್ನು ತಿನ್ನುತ್ತಿತ್ತು. ಅದನ್ನು ಘಟಪ್ರಭೆಯಲ್ಲಿ ಟಪಾಲಿಗೆ ಹಾಕುವವನಿದ್ದೆ. ಸಂಸಾರ ಕ್ಷಣಿಕ, ದೇಹ ನಶ್ವರ ಎಂದೆಲ್ಲ ಅದರಲ್ಲಿತ್ತು. ಮೂರು ಪುಟ ಮುಗಿಸಿದ ಆಡು ನಾಲ್ಕನೆಯದನ್ನು ಉಗುಳಿತು. ಅದಕ್ಕೂ ವೈರಾಗ್ಯ ಸಾಕಾಗಿರಬೇಕು.

ಆಡಿನ ಒಡತಿ, ಒಬ್ಬ ಮುದುಕಿ, ಕೋಲೂರಿಕೊಂಡು ಬಂದಳು. “ಕಾಗದಾ ತಿಂತೇನು ತಮ್ಮಾ? ದೊಡ್ಡದಿತ್ತೇನು?”

“ದೊಡ್ಡದಿತ್ತು ಆಯೀ.”

“ಇರ್ಲಿ ಬಿಡು. ಅದಕ್ಕೇನೂ ಆಗೂದಿಲ್ಲ,” ಎಂದಳು, ಆಡಿನ ಹೊಟ್ಟೆ ತಡವುತ್ತ.

ಬುತ್ತಿ ಬಿಚ್ಚಿ ಅವಳಿಗೂ ಕೊಟ್ಟೆ. ಗಂಗಾ ಎಂಟು ರೊಟ್ಟಿ ಕಟ್ಟಿದ್ದಳು. ಶೇಂಗಾ ಚಟ್ನಿ, ಎಣಗಾಯಿ ಪಲ್ಲೆ, ಒಂದು ಉಳ್ಳಾಗಡ್ಡಿ. ಮುದುಕಿ ರೊಟ್ಟಿಯನ್ನು ಬಿಸಿಲಿಗೆ ಹಿಡಿದು ನೋಡಿದಳು.

“ಕಾಗದಾ ಇದ್ದಂಗ ಬಡದಾಳ. ಯಾರ, ಹೆಂಡ್ತಿ?”

“ಹೌದು.”

“ಎಲ್ಲಿಗಿ ಹೊಂಟಿ?”

ಹೇಳಿದೆ. ಅವಳು ಅಗಿಯುವುದನ್ನು ನಿಲ್ಲಿಸಲಿಲ್ಲ. “ಯಾಕ? ಆಕಿ ಬಡೀತಾಳೇನು?”

“ಇಲ್ಲ.”

“ಉಣ್ಣಾಕ ಹಾಕೂದಿಲ್ಲೇನು?” ಎಂದವಳು ತನ್ನ ಕೈಯಲ್ಲಿದ್ದುದನ್ನು ನೋಡಿ ತಾನೇ ನಕ್ಕಳು. “ಮತ್ತೇನ ಮಾಡಿದ್ಲೊ?”

“ಎಲ್ಲಾರ ಮುಂದ ನನ್ನ ಲೆಕ್ಕಾ ತಪ್ಪ ಅಂದ್ಲು.”

“ಲೆಕ್ಕಾ ತಪ್ಪಿತ್ತೊ, ಖರೆ ಇತ್ತೊ?”

ನೀರಿನ ಸದ್ದು ಅಷ್ಟು ಜೋರಾಗಿದ್ದರೂ ಆ ಪ್ರಶ್ನೆ ನನಗೆ ಸ್ಪಷ್ಟವಾಗಿ ಕೇಳಿಸಿತು. “ತಪ್ಪಿತ್ತು,” ಎಂದೆ.

ಮುದುಕಿ ಬಾಯಿಯಲ್ಲಿದ್ದ ರೊಟ್ಟಿ ಹೊರಗೆ ಬರುವಂತೆ ನಕ್ಕಳು. “ನನ್ನ ಗಂಡನೂ ಮೂರ ಸಲ ಸನ್ಯಾಸಿ ಆಗಿದ್ದ ತಮ್ಮಾ. ಮೂರೂ ಸಲ ಜ್ವಾಳಾ ಕೊಯ್ಯೂ ಹಂಗಾಮಿನ್ಯಾಗ. ರಾಶಿ ಮುಗಿದ ಮರದಿನಾ ಬಂದ ಅಂಗಳದಾಗ ನಿಂತಿರ್ತಿದ್ದ, ಬಾಳ ಜ್ಞಾನ ಬಂದೋರಗತೆ.”

“ನೀವೇನ ಅಂತಿದ್ರಿ ಆಯೀ?”

“ಏನ ಅನ್ನಲಿ? ಬಾ, ಜ್ವಾಳಾ ತುಂಬಿಡು ಅಂತಿದ್ದೆ.”

ಅಲ್ಲಿಂದ ಮುಂದೆ ಪೆಡಲು ಸ್ವಲ್ಪ ಭಾರವಾಯಿತು. ಏರು ದಾರಿಯೆಂದು ನನಗೆ ನಾನೇ ಹೇಳಿಕೊಂಡೆ. ಒಂಟಿಯಾಗಿ ಸೈಕಲ್ ತುಳಿಯುವುದರಲ್ಲಿ ಇದೊಂದು ತೊಂದರೆ: ಜೊತೆಗಾರನಿದ್ದರೆ ಅವನಿಗೆ ಸುಳ್ಳು ಹೇಳಬಹುದು, ಅವನು ನಂಬುತ್ತಾನೆ. ತನಗೆ ತಾನು ಹೇಳಿಕೊಂಡ ಸುಳ್ಳನ್ನು ಎಷ್ಟು ಹೊತ್ತು ನಂಬುವುದು? ಕಬ್ಬಿನ ಹೊಲಗಳ ನಡುವೆ, ಎತ್ತಿನ ಗಂಟೆಯ ಸದ್ದೂ ಇಲ್ಲದ ದಾರಿಯಲ್ಲಿ, ನನ್ನದೇ ದನಿ ನನಗೆ ಬೇಸರ ತರಿಸಿತು.

ಸಂಜೆಗೆ ಘೋಡಗೇರಿ ಹತ್ತಿರ ಸೈಕಲ್ಲಿನ ಚೈನು ಹರಿಯಿತು. ಪಕ್ಕದ ಹೊಲದಲ್ಲಿ ಗಾಣ ನಡೆದಿತ್ತು. ಬೆಲ್ಲ ಕುದಿಯುವ ವಾಸನೆ ದಾರಿಯವರೆಗೂ ಬಂದಿತ್ತು. ಗಾಣದ ಯಜಮಾನ ಭೀಮಪ್ಪ ಚೈನನ್ನು ಒಂದು ಕಲ್ಲಿನ ಮೇಲಿಟ್ಟು ಕುಟ್ಟಿ ಕೂಡಿಸಿದ. ನಾನು ಯಾರು, ಎಲ್ಲಿಗೆ ಹೊರಟವನು ಎಂದು ಕೇಳಿಕೊಂಡು, ರಾತ್ರಿ ಅಲ್ಲೇ ಕಬ್ಬಿನ ಒಣ ಸೋಗೆಯ ರವದಿಯ ಮೇಲೆ ಮಲಗಲು ಹೇಳಿದ. ಬೆಳಿಗ್ಗೆ ಹೊರಡುವಾಗ ಬಿಸಿ ಬೆಲ್ಲದ ಉಂಡೆಯೊಂದನ್ನು ಕಬ್ಬಿನ ಎಲೆಯಲ್ಲಿ ಸುತ್ತಿ ಕೈಗಿತ್ತ.

“ಅಜ್ಜಗ ಇದನ್ನ ಕೊಡ್ರಿ ಮಾಸ್ತರ.”

“ಅಜ್ಜ ಮೌನಿ ಅಂತಲ್ಲ?”

“ಬೆಲ್ಲಾ ಕಂಡ್ರ ಮಾತಾಡ್ತಾನ್ರಿ,” ಎಂದ ಭೀಮಪ್ಪ, ಅತ್ಯಂತ ಭಕ್ತಿಯಿಂದ.

ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ದಾಟಿ, ಗುಡ್ಡದ ಬುಡದಲ್ಲಿ ಸೈಕಲ್ಲನ್ನು ಒಂದು ಬೇವಿಗೆ ಕಟ್ಟಿ ಹತ್ತಿದೆ. ಮೇಲೆ ಒಂದು ಚಿಕ್ಕ ಗುಡಿ, ಅದರ ಮುಂದೆ ಕಟ್ಟೆ. ಕಟ್ಟೆಯ ಮೇಲೆ ಅಜ್ಜ. ಕಣ್ಣು ಅರೆಮುಚ್ಚಿ, ಎರಡು ಕೈ ಮುಖದ ಹತ್ತಿರ ಹಿಡಿದು, ಉಸಿರು ಬಿಗಿಹಿಡಿದು ಕುಳಿತಿದ್ದ. ಯಾವುದೋ ಮಹಾಮುದ್ರೆ ಎಂದುಕೊಂಡು ಸಾಷ್ಟಾಂಗ ಬಿದ್ದೆ.

“ಕಣ್ಣ ಚಲೋ ಅದಾವೇನ ನಿನ್ನೂ?” ಎಂದಿತು ಮುದ್ರೆ. “ಬಾ, ಈ ಸೂಜಿಗೆ ದಾರಾ ಏರಿಸು. ಮುಂಜಾನಿಂದ ಒದ್ದಾಡಾಕತ್ತೇನಿ.”

ಇನ್ನೂ ಬೆಲ್ಲ ಹೊರಗೆ ತೆಗೆದಿರಲಿಲ್ಲ. ದಾರ ಏರಿಸಿ ಕೊಟ್ಟು, “ತಾವು ಮೌನಿ ಅಂತ...” ಎಂದೆ.

ಅಜ್ಜ ತನ್ನ ಹರಿದ ಕಂಬಳಿಗೆ ಹೊಲಿಗೆ ಹಾಕುತ್ತ ಹೇಳಿದ, “ಬಂದಾವರೆಲ್ಲಾ ಹೆಂಡ್ರ ಸುದ್ದಿ ಹೇಳತಾರ. ನನಗ ಹೆಂಡ್ತಿನ ಇಲ್ಲ, ನಾ ಏನ ಹೇಳ್ಲಿ? ಸುಮ್ಮ ಕುಂಡರ್ತೇನಿ. ಅದಕ್ಕ ಮೌನ ಅಂತಾರ. ನೀ ಯಾರ ಸುದ್ದಿ ತಂದಿ?”

ನಾಚಿಕೆಯಾಯಿತು. ಆದರೂ ನಳದ ಲೆಕ್ಕದ ಸುದ್ದಿ ಹೇಳಿ, ಶಿಷ್ಯನಾಗಲು ಬಂದಿದ್ದೇನೆ ಎಂದೆ. ಅವನು ನನ್ನನ್ನೂ ನನ್ನ ಕ್ರಾಪನ್ನೂ ಮೇಲಿಂದ ಕೆಳಗೆ ನೋಡಿದ.

“ರೊಟ್ಟಿ ಬಡ್ಯಾಕ ಬರತೈತೇನು?”

“ಇಲ್ಲ.”

“ಹೊಲ್ಯಾಕ?”

“ಇಲ್ಲ.”

“ಒಲಿ ಹೊತ್ತಸಾಕ?”

“... ಇಲ್ಲ.”

“ಮತ್ತ ಸನ್ಯಾಸಿ ಹೆಂಗ ಆಗ್ತಿಯೊ? ಸನ್ಯಾಸಿಗೆ ಹೆಂಡ್ತಿ ಇರೂದಿಲ್ಲ, ಎಲ್ಲಾ ತಾನ ಮಾಡ್ಕೋಬೇಕು. ನಿನ್ನಂಥಾವ್ರು ಸಂಸಾರಕ್ಕಷ್ಟ ಲಾಯಕ್ಕು.”

ಆದರೂ ನನ್ನನ್ನು ಕೂಡಲೇ ಅಟ್ಟಲಿಲ್ಲ. ಗುಡ್ಡದ ಕೆಳಗಿನ ಬಾವಿಯಿಂದ ನೀರು ತರಲು ಹೇಳಿದ. ಎರಡು ಕೊಡ ಹೊತ್ತು ಹತ್ತುವಷ್ಟರಲ್ಲಿ ಎದೆ ಕಮ್ಮಾರನ ತಿದಿಯಾಯಿತು. ಆಮೇಲೆ ಹಿಟ್ಟು ಕೊಟ್ಟ. ನಾನು ಬಡಿದ ರೊಟ್ಟಿ ಮುಂಬಯಿ ರಾಜ್ಯದ ನಕಾಶೆಯಂತಿತ್ತು. ಒಂದು ಕಡೆ ಸುಟ್ಟು, ಇನ್ನೊಂದು ಕಡೆ ಹಸಿ. ಅಜ್ಜ ಅದನ್ನು ಬೆಲ್ಲದೊಡನೆ ಸಮಾಧಾನದಿಂದ ತಿಂದ. ತಿಂದು ಕೈ ತೊಳೆದ ಮೇಲೆ ಕೇಳಿದ, “ಈಗ ಖರೆ ಹೇಳು. ಒಂದ ಲೆಕ್ಕದ ಸಲುವಾಗಿ ಯಾರೂ ಇಷ್ಟ ದೂರ ಸೈಕಲ್ ತುಳಿಯೂದಿಲ್ಲ.”

ನಿಮಗೂ ನಾನು ಪೂರ್ತಿ ಹೇಳಿಲ್ಲ. ಕ್ಷಮಿಸಿ. ಗಂಗಾ ಧಾರವಾಡಕ್ಕೆ ಹೋಗಿ ಮಾಸ್ತರಿಕೆಯ ಟ್ರೇನಿಂಗ್ ಮಾಡಬೇಕೆಂದಿದ್ದಳು. ಅರ್ಜಿ ತರಿಸಿದ್ದಳು. ಅದರ ಮೇಲೆ ಗಂಡನ ಸಹಿ ಬೇಕಿತ್ತು. ನಾನು ‘ನೋಡೂಣು’ ಎಂದಿದ್ದೆ. ಒಂದು ತಿಂಗಳಿನಿಂದ ನೋಡುತ್ತಲೇ ಇದ್ದೆ. ಅವಳು ಎರಡನೆಯ ಸಲ ಕೇಳಲಿಲ್ಲ. ಅರ್ಜಿಯನ್ನು ದಿನಾಲೂ ನನ್ನ ತಲೆದಿಂಬಿನ ಪಕ್ಕ ಇಡುತ್ತಿದ್ದಳು, ನಾನು ದಿನಾಲೂ ಮಗ್ಗುಲು ಬದಲಿಸಿ ಮಲಗುತ್ತಿದ್ದೆ. ಕಿಟಕಿಯಿಂದ ಅವಳ ದನಿ ಬಂದ ದಿನ ನನಗೆ ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಹಿಟ್ಟಿನ ಪರಾತ ಹಿಡಿದುಕೊಂಡೇ ನನಗಿಂತ ಚೆನ್ನಾಗಿ ಕಲಿಸುವವಳು, ಸೀಮೆಸುಣ್ಣದ ಖಡು ಹಿಡಿದರೆ ನನ್ನ ಗತಿಯೇನು?

ಇದನ್ನೆಲ್ಲ ಅಜ್ಜನಿಗೆ ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಇದು ಖರೇ ಮೌನವೋ, ಹೆಂಡತಿಯ ಸುದ್ದಿಯೆಂದು ಬೇಸತ್ತ ಮೌನವೋ ತಿಳಿಯಲಿಲ್ಲ. ಕೊನೆಗೆ, “ನಾಳೆ ನಸುಕಿನ್ಯಾಗ ಇಳಿ,” ಎಂದ. “ಬಿಸಲ ಏರಿದ ಮ್ಯಾಲ ಸೈಕಲ್ ಸುಡತೈತಿ.” ಅಷ್ಟೇ ಅವನ ಉಪದೇಶ. ನಾನು ಇನ್ನೂ ಏನಾದರೂ ಬರುತ್ತದೆಂದು ಕಾದೆ. ಅವನು ಕಂಬಳಿ ಹೊದ್ದು ಮಲಗಿಬಿಟ್ಟ.

ಮರುದಿನ ನಾನು ತುಳಿದಂತೆ ಯಾವ ಸನ್ಯಾಸಿಯೂ ತುಳಿದಿರಲಾರ. ಗೋಕಾಕದ ಸುತ್ತನ್ನು ಬಿಟ್ಟೆ, ಒಡ್ಡಿನ ಬಳಿ ನಿಲ್ಲಲಿಲ್ಲ. ಮನೆ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಬಾಗಿಲಿಗೆ ಕೀಲಿ.

ತವರಿಗೆ ಹೋದಳು ಎಂದುಕೊಂಡೆ. ಹೋಗದೆ ಮತ್ತೇನು ಮಾಡುತ್ತಾಳೆ, ಗಂಡನಾದವನು ಅಲಾರಾಂ ಗಡಿಯಾರ ತೆಗೆದುಕೊಂಡು ಸನ್ಯಾಸಕ್ಕೆ ಹೋದ ಮೇಲೆ? ಬೀಗ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತುಬಿಟ್ಟೆ. ನಿಮ್ಮ ಮುಂದೆ ಮುಚ್ಚುಮರೆ ಏಕೆ, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಸಾಲೆಯಿಂದ ದನಿ ಕೇಳಿತು. ಮಕ್ಕಳು ಒಟ್ಟಿಗೆ ಮಗ್ಗಿ ಹೇಳುತ್ತಿದ್ದರು; ನನ್ನ ಕೋಣೆಯಿಂದ. ನನ್ನ ಕೋಣೆಯಲ್ಲಿ ಮಗ್ಗಿಯನ್ನು ಹಾಗೆ ಒಂದೇ ತಾಳದಲ್ಲಿ ಯಾರೂ ಹೇಳಿದ್ದಿಲ್ಲ.

ಹೋಗಿ ಬಾಗಿಲಲ್ಲಿ ನಿಂತೆ. ಗಂಗಾ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕರಿಹಲಗೆಯ ಮುಂದೆ ನಿಂತಿದ್ದಳು. ನನ್ನನ್ನು ನೋಡಿದಳು. ಕಲಿಸುವುದನ್ನು ನಿಲ್ಲಿಸಲಿಲ್ಲ. ಮೊದಲ ಸಾಲಿನ ಹುಡುಗಿಯೊಬ್ಬಳು ತಿರುಗಿ ನನ್ನನ್ನು ಕಂಡು, ಬಹಳ ಮರ್ಯಾದೆಯಿಂದ ಕೇಳಿದಳು, “ಮಾಸ್ತರ, ಇಷ್ಟ ಲಗೂನ ಬಂದ್ರೆ?”

ಹೆಡ್‌ಮಾಸ್ತರರು ತಮ್ಮ ಕೋಣೆಯಿಂದ ಹೊರಗೆ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟರು. “ನೀವ ಇಲ್ದಾಗ ವರ್ಗಾ ಖಾಲಿ ಇಡೂದ ಹೆಂಗ ಅಂತ ನಾನ ಕೇಳಿಕೊಂಡೆ. ಇನ್ನೊಂದ ವಾರ ಬಿಟ್ಟ ಬಂದಿದ್ರೂ ನಡೀತಿತ್ತ ಬಿಡ್ರಿ,” ಎಂದು ಕೆಮ್ಮಿದರು.

ಸಾಲೆ ಬಿಟ್ಟ ಮೇಲೆ ಅವಳು ಕೈಯ ಖಡುವಿನ ಪುಡಿ ಜಾಡಿಸುತ್ತ ಹೊರಗೆ ಬಂದಳು. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಎಲ್ಲೋ ಉದುರಿ ಹೋಗಿದ್ದವು. ಉಳಿದದ್ದನ್ನು ಹೇಳಿದೆ: “ಗಂಗಾ, ನೀ ಧಾರವಾಡಕ್ಕ ಹೋಗು. ಅರ್ಜಿ ಕೊಡು, ಸಹಿ ಮಾಡ್ತೇನಿ.”

“ನಿನ್ನೇನ ಟಪಾಲಿಗೆ ಹಾಕೇನ್ರಿ.”

“ನನ್ನ ಸಹಿ?”

“ನಾನ ಮಾಡೇನಿ,” ಎಂದಳು. “ನಿಮ್ಮ ಸಹಿ ನಿಮಗಿಂತಾ ನನಗ ಚಂದ ಬರತೈತಿ.”

ಅವಳ ಮುಖದಲ್ಲಿ ನಗುವಿರಲಿಲ್ಲ. ನಾನು ಬರದಿದ್ದರೂ ಅವಳು ಹೋಗುವವಳೇ ಎಂಬುದು ಆಗ ಗೊತ್ತಾಯಿತು. ಬಂದೆನೆಂಬುದೊಂದೇ ನನ್ನ ಪುಣ್ಯ. ಒಳಗೆ ಹೋಗಿ ಅವಳು ಚಹಕ್ಕೆ ನೀರಿಟ್ಟಳು. ನಾನು ಒಲೆ ಹೊತ್ತಿಸಲು ಕುಳಿತೆ. ಹೊಗೆ ಇಬ್ಬರ ಕಣ್ಣಿಗೂ ಬಂತು. ಯಾರ ಕಣ್ಣೀರು ಯಾವುದರದೆಂದು ಇಬ್ಬರೂ ಕೇಳಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಧಾರವಾಡದಿಂದ ಕರೆ ಬಂತು. ಘಟಪ್ರಭಾ ಸ್ಟೇಶನ್ನಿನಲ್ಲಿ ಅವಳನ್ನು ಗಾಡಿ ಹತ್ತಿಸಿದೆ. ಟ್ರಂಕು ಮೇಲಿಟ್ಟು, ಹಾಸಿಗೆ ಸುತ್ತಿ ಕೊಟ್ಟು, ನೀರಿನ ತಂಬಿಗೆ ಕಿಟಕಿಯಿಂದ ಕೊಟ್ಟೆ. ಗಾಡಿ ಹೋಯಿತು. ಹೊಗೆಯೂ ಹೋಯಿತು. ನಾನು ಮಾತ್ರ ಅಲ್ಲೇ ನಿಂತಿದ್ದೆ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ. ಚಹದ ಕಿಟ್ಟಲಿ ಹಿಡಿದುಕೊಂಡು ಬಂದ ಮುದುಕನೊಬ್ಬ ನನ್ನ ಪಕ್ಕ ನಿಂತ.

“ಯಾಕ್ರಿ ಸಾಹೇಬ್ರ, ಮನಿಯಾವ್ರು ತವರಮನಿಗೆ ಹ್ವಾದ್ರೇನು?”

“ಇಲ್ಲ. ಸಾಲಿಗಿ ಹ್ವಾದ್ರು.”

ಅವನು ಹಳಿಗಳ ಕಡೆ ನೋಡಿದ, ನನ್ನ ಕಡೆ ನೋಡಿದ, ಕಿಟ್ಟಲಿಯನ್ನು ಕೆಳಗಿಟ್ಟ.

“ನಾ ಹಣ್ಣ ಹಣ್ಣ ಮುದುಕ ಆದೆ,” ಎಂದ. “ಸಾಲಿಗಿ ಹೋಗೋರು ಅಳೂದನ್ನ ನೋಡೇನಿ. ಕಳಸಾಕ ಬಂದೋರು ಅಳೂದು ಇದ ಮೊದಲು.”